ಹುಡುಕುವುದನ್ನೂ ಶಾಲೆಯೇ ಕಲಿಸಬೇಕು

ಪ್ರಾಜೆಕ್ಟ್ ಒಪ್ಪಿಸುವ ವಾರ ಬಂತೆಂದರೆ ಶಾಲೆಗಳ ಆಸುಪಾಸಿನ ಜೆರಾಕ್ಸ್ ಅಂಗಡಿಗಳಲ್ಲಿ ಸಂಜೆ ಹೊತ್ತು ಕಾಲಿಡಲು ಜಾಗವಿರುವುದಿಲ್ಲ. ‘ಜಲಮಾಲಿನ್ಯ ಕೊಡಿ’, ‘ಹೊಯ್ಸಳರ ಶಿಲ್ಪಕಲೆ ನಾಲ್ಕು ಪುಟ’, ‘ಸೌರಮಂಡಲ, ಕಲರ್ ಪ್ರಿಂಟ್’ ಎಂದು ಮಕ್ಕಳು ಕೇಳುತ್ತಾರೆ, ಇಲ್ಲವೇ ಅವರ ಅಪ್ಪ ಅಮ್ಮ ಕೇಳುತ್ತಾರೆ. ಅಂಗಡಿಯವರು ಕಂಪ್ಯೂಟರಿನಲ್ಲಿ ವಿಷಯದ ಹೆಸರು ಹಾಕಿ, ಮೊದಲು ಕಣ್ಣಿಗೆ ಬಿದ್ದ ಪುಟವನ್ನು ಮುದ್ರಿಸಿ ಕೊಡುತ್ತಾರೆ. ಅದು ಫೈಲಿಗೆ ಸೇರುತ್ತದೆ, ಸುತ್ತ ಬಣ್ಣದ ಅಂಚು, ಮೇಲೆ ಸ್ಕೆಚ್ ಪೆನ್ನಿನ ಶೀರ್ಷಿಕೆ ಬರುತ್ತವೆ, ಅಂಕವೂ ಬರುತ್ತದೆ. ಒಂದೇ ತರಗತಿಯ ಹತ್ತಾರು ಫೈಲುಗಳಲ್ಲಿ ಅದೇ ವಾಕ್ಯ, ಅದೇ ತಪ್ಪು. ಇದನ್ನು ಬರೆದವರು ಯಾರು, ಯಾವಾಗ ಬರೆದರು, ಇದು ನಿಜವೇ ಎಂದು ಮಗು ಕೇಳಿಕೊಂಡಿಲ್ಲ. ಕೇಳಿಕೋ ಎಂದು ಯಾರೂ ಅದಕ್ಕೆ ಹೇಳಿಕೊಟ್ಟಿಲ್ಲ.

ಇದಕ್ಕೆ ಮಕ್ಕಳನ್ನು ದೂರುವುದು ನ್ಯಾಯವಲ್ಲ. ಓದಲು ಕಲಿಸಿದ್ದೇವೆ, ಬರೆಯಲು ಕಲಿಸಿದ್ದೇವೆ, ಲೆಕ್ಕ ಕಲಿಸಿದ್ದೇವೆ. ಬೇಕಾದ ಮಾಹಿತಿಯನ್ನು ಹುಡುಕುವುದು, ಸಿಕ್ಕಿದ್ದನ್ನು ಪರೀಕ್ಷಿಸುವುದು, ಅದನ್ನು ತನ್ನ ಮಾತಿನಲ್ಲಿ ಬರೆಯುವುದು, ಎಲ್ಲಿಂದ ಪಡೆದೆ ಎಂದು ತಿಳಿಸುವುದು, ಈ ನಾಲ್ಕು ಮಾತ್ರ ತಾವಾಗಿಯೇ ಬಂದುಬಿಡುತ್ತವೆ ಎಂದು ನಂಬಿ ಸುಮ್ಮನಿದ್ದೇವೆ. ಅವು ಹಾಗೆ ಬರುವುದಿಲ್ಲ. ಗ್ರಂಥಾಲಯ ಶಾಸ್ತ್ರದವರು ಈ ಕೌಶಲಗಳನ್ನು ಒಟ್ಟಾಗಿ ‘ಮಾಹಿತಿ ಸಾಕ್ಷರತೆ’ ಎಂದು ಕರೆಯುತ್ತಾರೆ. ಅಮೆರಿಕದ ಪಾಲ್ ಜರ್ಕೌಸ್ಕಿ 1974ರಲ್ಲಿ ಈ ಹೆಸರನ್ನು ಬಳಕೆಗೆ ತಂದಾಗ ಅವರ ಮನಸ್ಸಿನಲ್ಲಿದ್ದವರು ಉದ್ಯೋಗದಲ್ಲಿ ಮಾಹಿತಿಯನ್ನು ಬಳಸಬೇಕಾದ ವಯಸ್ಕರು. ಇವತ್ತು ಅಪ್ಪನ ಫೋನ್ ಹಿಡಿದು ಕೂತ ಐದನೇ ತರಗತಿಯ ಮಗುವಿಗೂ ಅದು ಬೇಕಾಗಿದೆ.

ಈ ಬರಹದಲ್ಲಿ ಹೇಳಲು ಹೊರಟಿರುವುದು ಒಂದೇ ಮಾತು. ಮಾಹಿತಿ ಸಾಕ್ಷರತೆಯನ್ನು ಕಲಿಸಲು ಹೊಸ ವಿಷಯವಾಗಲಿ, ಹೊಸ ಪಠ್ಯಪುಸ್ತಕವಾಗಲಿ ಬೇಕಿಲ್ಲ. ಶಾಲೆಯ ಬೀರುವಿನಲ್ಲಿ ಈಗಾಗಲೇ ಇರುವ ಪುಸ್ತಕಗಳಿಂದ, ಈಗಾಗಲೇ ಕೊಡುತ್ತಿರುವ ಪ್ರಾಜೆಕ್ಟುಗಳ ಮೂಲಕವೇ ಅದನ್ನು ಕಲಿಸಬಹುದು. ಬದಲಾಗಬೇಕಾದದ್ದು ನಾವು ಅಂಕ ಕೊಡುವ ಕ್ರಮ.

ಪುಸ್ತಕವೂ ಇದೆ, ಬೀಗವೂ ಇದೆ

ಕಾನೂನಿನಲ್ಲಿ ಕೊರತೆಯಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅಲ್ಲಿ ದಿನಪತ್ರಿಕೆ, ನಿಯತಕಾಲಿಕ, ಕಥೆಪುಸ್ತಕಗಳೂ ಸೇರಿದಂತೆ ಎಲ್ಲ ವಿಷಯಗಳ ಪುಸ್ತಕಗಳು ಇರಬೇಕು ಎಂದು ಹೇಳುತ್ತದೆ. ಸಮಗ್ರ ಶಿಕ್ಷಣ ಯೋಜನೆಯಡಿ ಸರ್ಕಾರಿ ಶಾಲೆಗಳಿಗೆ ಪುಸ್ತಕ ಕೊಳ್ಳಲು ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಅನುದಾನ ನಿಗದಿಯಾಗಿದೆ. ಶಾಲೆಯ ಹೊರಗೂ ವ್ಯವಸ್ಥೆ ಇದೆ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರಲ್ಲೇ ಬಂತು. ಆಸ್ತಿ ತೆರಿಗೆಯ ಜೊತೆಗೆ ನಾವು ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದೇವೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದವು. ಮರುವರ್ಷವೇ ‘ಓದುವ ಬೆಳಕು’ ಕಾರ್ಯಕ್ರಮದಡಿ ಹಳ್ಳಿಯ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಕ್ಕಿತು. ಐದು ಸಾವಿರಕ್ಕೂ ಹೆಚ್ಚು ಪಂಚಾಯಿತಿ ಗ್ರಂಥಾಲಯಗಳು ಇಂದು ‘ಅರಿವು ಕೇಂದ್ರ’ ಎಂಬ ಹೆಸರು ಹೊತ್ತಿವೆ. ಹಲವು ಕಡೆ ಮೇಲ್ವಿಚಾರಕರು ಮಕ್ಕಳಿಗಾಗಿ ಗೋಡೆಗೆ ಚಿತ್ರ ಬರೆಸಿ, ಕಥೆ ಓದಿಸಿ, ಆಟ ಆಡಿಸಿ ಜೀವ ತುಂಬಿದ್ದಾರೆ.

ಶಾಲೆಯ ಒಳಗೆ ಮಾತ್ರ ಪುಸ್ತಕಗಳು ಬಹಳ ಕಡೆ ಮುಖ್ಯ ಶಿಕ್ಷಕರ ಕೊಠಡಿಯ ಕಬ್ಬಿಣದ ಬೀರುವಿನಲ್ಲಿ ಉಳಿದಿವೆ. ಇದಕ್ಕೆ ಶಿಕ್ಷಕರ ಉದಾಸೀನವೊಂದೇ ಕಾರಣವಲ್ಲ. ಪುಸ್ತಕ ಸ್ಟಾಕ್ ರಿಜಿಸ್ಟರಿನಲ್ಲಿ ದಾಖಲಾಗಿರುತ್ತದೆ. ಒಂದು ಕಳೆದರೆ, ಹರಿದರೆ ಲೆಕ್ಕ ಯಾರು ಕೊಡಬೇಕು ಎಂಬ ಭಯ ಅವರನ್ನು ಕಾಡುತ್ತದೆ. ಪ್ರಾಥಮಿಕ ಶಾಲೆಗಳಲ್ಲಿ ಗ್ರಂಥಪಾಲಕರ ಹುದ್ದೆಯೇ ಇಲ್ಲ. ಆ ಹೊಣೆ ಬಿಸಿಯೂಟ, ಹಾಜರಾತಿ, ಆನ್‌ಲೈನ್ ಮಾಹಿತಿ ತುಂಬುವ ಕೆಲಸಗಳ ಜೊತೆಗೆ ಯಾರಾದರೊಬ್ಬ ಶಿಕ್ಷಕರ ಹೆಗಲೇರುತ್ತದೆ. ವೇಳಾಪಟ್ಟಿಯಲ್ಲಿರುವ ಲೈಬ್ರರಿ ಪೀರಿಯಡ್ಡು ಪರೀಕ್ಷೆ ಹತ್ತಿರವಾದಂತೆ ಗಣಿತಕ್ಕೋ ಇಂಗ್ಲಿಷಿಗೋ ಹೋಗುತ್ತದೆ. ಪುಸ್ತಕ ಕಳೆದುಹೋದರೂ ಪರವಾಗಿಲ್ಲ, ಓದದೆ ಉಳಿಯಬಾರದು ಎಂದು ಇಲಾಖೆ ಸ್ಪಷ್ಟವಾಗಿ ಬರೆದುಕೊಡುವವರೆಗೆ ಆ ಬೀಗ ತೆರೆಯುವುದು ಕಷ್ಟ. ವರ್ಷಕ್ಕೆ ಇಂತಿಷ್ಟು ಪುಸ್ತಕ ಸವೆದುಹೋಗುವುದು ಸಹಜ ಎಂದು ಒಪ್ಪಿಕೊಳ್ಳುವ ನಿಯಮ ಶಾಲಾ ಗ್ರಂಥಾಲಯಕ್ಕೆ ಮೊದಲ ಅಗತ್ಯ.

ಗಣಿತದ ಮೇಷ್ಟರು ಕಟ್ಟಿದ ಶಾಸ್ತ್ರ

ಭಾರತದ ಗ್ರಂಥಾಲಯ ಶಾಸ್ತ್ರದ ಹಿರಿಯ ಎಸ್.ಆರ್. ರಂಗನಾಥನ್ ಗಣಿತದ ಮೇಷ್ಟರಾಗಿದ್ದವರು. ತಮಿಳುನಾಡಿನ ಶಿಯಾಳಿಯಲ್ಲಿ 1892ರಲ್ಲಿ ಹುಟ್ಟಿದ ಅವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಅವರ ‘ಗ್ರಂಥಾಲಯ ಶಾಸ್ತ್ರದ ಪಂಚ ಸೂತ್ರಗಳು’ ಪ್ರಕಟವಾಯಿತು. ಜೀವನದ ಕೊನೆಯ ವರ್ಷಗಳನ್ನು ಅವರು ಕಳೆದದ್ದು ಬೆಂಗಳೂರಿನಲ್ಲಿ. ಇಲ್ಲಿಯೇ 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯಡಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು, ಇಲ್ಲಿಯೇ 1972ರಲ್ಲಿ ತೀರಿಕೊಂಡರು. ಅವರ ಜನ್ಮದಿನವೆಂದು ಆಗಸ್ಟ್ 12ರಂದು ದೇಶದಲ್ಲಿ ಗ್ರಂಥಪಾಲಕರ ದಿನ ಆಚರಿಸುತ್ತೇವೆ.

ಪುಸ್ತಕ ಇರುವುದು ಬಳಕೆಗೆ; ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು; ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು; ಓದುಗನ ಸಮಯ ಉಳಿಸಬೇಕು; ಗ್ರಂಥಾಲಯ ಬೆಳೆಯುತ್ತಿರುವ ಜೀವಿ. ಇವು ಆ ಐದು ಸೂತ್ರಗಳ ಸಾರ. ಮೊದಲನೆಯದೊಂದನ್ನೇ ಪಾಲಿಸಿದರೂ ನಮ್ಮ ಶಾಲೆಗಳ ಬೀರುಗಳ ಬೀಗ ತೆಗೆಯಬೇಕಾಗುತ್ತದೆ. ಆದರೆ ಶಾಲೆಯ ಮಕ್ಕಳಿಗೆ ರಂಗನಾಥನ್ ಕೊಟ್ಟುಹೋದ ಇನ್ನೂ ದೊಡ್ಡ ಉಪಕಾರ ಅವರ ವರ್ಗೀಕರಣ ಪದ್ಧತಿಯಲ್ಲಿದೆ. ಅದು ಗ್ರಂಥಪಾಲಕರ ಕೋರ್ಸಿನಲ್ಲೇ ಉಳಿದುಬಿಟ್ಟಿದೆ. ಅದನ್ನು ತರಗತಿಗೆ ತರಬೇಕು.

ಜಗತ್ತಿನ ಅನೇಕ ಶಾಲಾ ಗ್ರಂಥಾಲಯಗಳು ಬಳಸುವುದು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಾಂಶ ವರ್ಗೀಕರಣವನ್ನು. ಅದು ಜ್ಞಾನವನ್ನೆಲ್ಲ ಹತ್ತು ಭಾಗ ಮಾಡಿ, ಸೊನ್ನೆಯಿಂದ ಒಂಬೈನೂರರವರೆಗಿನ ನೂರುಗಳಲ್ಲಿ ಸಂಖ್ಯೆ ಕೊಡುತ್ತದೆ: 500 ವಿಜ್ಞಾನ, 600 ತಂತ್ರಜ್ಞಾನ, 800 ಸಾಹಿತ್ಯ, 900 ಇತಿಹಾಸ ಮತ್ತು ಭೂಗೋಳ. ಈಗ ಮಗುವಿಗೆ ರಾಗಿಯ ಮೇಲೊಂದು ಪುಸ್ತಕ ಬೇಕು ಎಂದುಕೊಳ್ಳಿ. ರಾಗಿಯನ್ನು ಸಸ್ಯವಾಗಿ ನೋಡಿದರೆ ಆ ಪುಸ್ತಕ 580ರ ಸಾಲಿನಲ್ಲಿ, ಹೊಲದ ಬೆಳೆಯಾಗಿ ನೋಡಿದರೆ 633ರಲ್ಲಿ, ಮುದ್ದೆ ಅಂಬಲಿಯಾಗಿ ನೋಡಿದರೆ 641ರಲ್ಲಿ ಇರುತ್ತದೆ. ಒಂದೇ ಧಾನ್ಯಕ್ಕೆ ಮೂರು ಕಪಾಟು. ‘ರಾಗಿ ಬೇಕು’ ಎಂದರೆ ಸಾಲದು, ರಾಗಿಯ ಬಗ್ಗೆ ಏನು ಬೇಕು ಎಂದು ಮೊದಲು ತಾನೇ ತಿಳಿದುಕೊಳ್ಳಬೇಕು ಎಂಬುದನ್ನು ಮಗು ಇಲ್ಲಿ ಕಾಲಿನಲ್ಲಿ ನಡೆದು ಕಲಿಯುತ್ತದೆ. ಹುಡುಕಾಟದ ಮೊದಲ ಪಾಠ ಇದೇ.

ಡ್ಯೂಯಿಯ ಪದ್ಧತಿಯಲ್ಲಿ ವಿಷಯಕ್ಕೆ ಮೊದಲೇ ಒಂದು ಗೂಡು ಗೊತ್ತಾಗಿರುತ್ತದೆ. ರಂಗನಾಥನ್ 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣ ಬೇರೆ ದಾರಿ ಹಿಡಿಯಿತು. ಯಾವುದೇ ವಿಷಯವನ್ನು ಅದರ ಮುಖಗಳಾಗಿ ಬಿಡಿಸಿ, ಆಮೇಲೆ ಜೋಡಿಸುವುದು ಅವರ ವಿಧಾನ. ಸರಳವಾಗಿ ಹೇಳಿದರೆ ಐದು ಪ್ರಶ್ನೆ: ಯಾವುದರ ಬಗ್ಗೆ? ಅದರ ಯಾವ ಅಂಶ? ಅದಕ್ಕೆ ಏನಾಗುತ್ತಿದೆ ಅಥವಾ ಏನು ಮಾಡುತ್ತಿದ್ದಾರೆ? ಎಲ್ಲಿ? ಯಾವಾಗ? ಏಳನೇ ತರಗತಿಯ ಹುಡುಗಿಯೊಬ್ಬಳು ‘ರಾಗಿ’ ಎಂದಷ್ಟೇ ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಅಡುಗೆ ವಿಡಿಯೊಗಳು ಸಾಲುಗಟ್ಟುತ್ತವೆ. ಅವಳೇ ಐದು ಪ್ರಶ್ನೆ ಹಾಕಿಕೊಂಡು, ರಾಗಿ, ತಳಿ, ಅಭಿವೃದ್ಧಿ, ಮಂಡ್ಯ, 1960ರ ದಶಕ ಎಂದು ಬಿಡಿಸಿ ಹುಡುಕಿದಳೆನ್ನಿ. ಆಗ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಭಾರತದ ಮತ್ತು ಆಫ್ರಿಕಾದ ರಾಗಿಯನ್ನು ಬೆರಕೆ ಮಾಡಿ ‘ಇಂಡಾಫ್’ ತಳಿಗಳನ್ನು ರೂಪಿಸಿದ ವಿಜ್ಞಾನಿ ಲಕ್ಷ್ಮಣಯ್ಯನವರ ಕಡೆಗೆ ದಾರಿ ತೆರೆಯುತ್ತದೆ. ಕಪಾಟಿನ ಮುಂದೆ ಕಲಿತ ಪಾಠ ಫೋನಿನಲ್ಲೂ ಕೆಲಸಕ್ಕೆ ಬರುವುದು ಹೀಗೆ. ಕೀಲಿಪದಗಳನ್ನು ಹೇಗೆ ಆರಿಸಬೇಕು ಎಂದು ಕಲಿಸಲು ಇದಕ್ಕಿಂತ ಒಳ್ಳೆಯ ವಿಧಾನ ಬೇಕಿಲ್ಲ, ಅದಕ್ಕೆ ಕಂಪ್ಯೂಟರ್ ಲ್ಯಾಬೂ ಬೇಕಿಲ್ಲ. ಕಪ್ಪು ಹಲಗೆ, ಸೀಮೆಸುಣ್ಣ ಸಾಕು.

ಯಾವ ತರಗತಿಗೆ ಯಾವ ಪಾಠ

ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಪುಸ್ತಕದ ಪರಿಚಯ ಸಾಕು. ಕೈ ತೊಳೆದು ಮುಟ್ಟುವುದು, ಪುಟವನ್ನು ಮೂಲೆಯಿಂದ ತಿರುವುವುದು, ಹೆಸರು ಬರೆಸಿ ಮನೆಗೆ ಒಯ್ಯುವುದು, ಹೇಳಿದ ದಿನ ತಂದುಕೊಡುವುದು. ಜೊತೆಗೆ ಮುಖಪುಟದಲ್ಲಿರುವ ಹೆಸರುಗಳನ್ನು ಗುರುತಿಸುವುದು: ಕಥೆ ಬರೆದವರು ಇವರು, ಚಿತ್ರ ಬರೆದವರು ಇವರು. ಪುಸ್ತಕವನ್ನು ಒಬ್ಬ ಮನುಷ್ಯ ಬರೆದಿರುತ್ತಾನೆ ಎಂಬ ಅರಿವು ಈ ವಯಸ್ಸಿನಲ್ಲಿ ಬಂದರೆ, ಮುಂದೆ ಹೆಸರಿಲ್ಲದ ಬರಹ ಕಂಡಾಗ ‘ಇದನ್ನು ಬರೆದವರು ಯಾರು’ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ನಾಲ್ಕು, ಐದನೇ ತರಗತಿ ಅಕಾರಾದಿಯ ಕಾಲ. ಅಕ್ಷರಮಾಲೆಯನ್ನು ಬಾಯಿಪಾಠ ಹೇಳುವ ಮಗುವಿಗೂ ನಿಘಂಟಿನಲ್ಲಿ ಪದ ಹುಡುಕಲು ಬರುವುದಿಲ್ಲ, ಏಕೆಂದರೆ ಕನ್ನಡದ ನಿಘಂಟು ನೋಡಲು ಅಕ್ಷರದ ಕ್ರಮದ ಜೊತೆಗೆ ಕಾಗುಣಿತದ ಕ್ರಮ, ಒತ್ತಕ್ಷರದ ಕ್ರಮವೂ ಗೊತ್ತಿರಬೇಕು. ಗೋಡೆಯ ಚಾರ್ಟಿನಲ್ಲಿ ‘ಕ್ಷ’ ಮತ್ತು ‘ಜ್ಞ’ ಕೊನೆಯಲ್ಲಿ ಬೇರೆ ಅಕ್ಷರಗಳಂತೆ ನಿಂತಿರುತ್ತವೆ. ನಿಘಂಟಿನಲ್ಲಿ ‘ಕ್ಷಮೆ’ ಇರುವುದು ಕಕಾರದಲ್ಲಿ, ‘ಜ್ಞಾನ’ ಇರುವುದು ಜಕಾರದಲ್ಲಿ. ಇನ್ನೊಂದು ತೊಡಕು ಪದದ ಮೂಲರೂಪದ್ದು. ಪಾಠದಲ್ಲಿ ‘ಬಂದನು’ ಎಂದಿರುತ್ತದೆ, ನಿಘಂಟಿನಲ್ಲಿ ‘ಬರು’ ಹುಡುಕಬೇಕು. ‘ತಿಂದಳು’ ಎಂದಿರುತ್ತದೆ, ‘ತಿನ್ನು’ ಹುಡುಕಬೇಕು. ದಿನಕ್ಕೆ ಐದು ಪದ ಕೊಟ್ಟು, ಮೊದಲು ಸಿಕ್ಕವರು ಕೈ ಎತ್ತಬೇಕು ಎಂದು ಆಡಿಸಿದರೆ ವಾರದೊಳಗೆ ಮಕ್ಕಳ ಬೆರಳು ಪಳಗುತ್ತದೆ. ವ್ಯಾಕರಣದ ಪಾಠವೂ ಅದರೊಳಗೇ ಆಗಿಹೋಗುತ್ತದೆ. ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ದೊಡ್ಡ ನಿಘಂಟನ್ನು ರೂಪಿಸಿದ ಭಾಷೆ ನಮ್ಮದು. ಹೈಸ್ಕೂಲು ಮುಗಿಸುವ ಮಗುವಿಗೆ ಒಂದು ಸಂಕ್ಷಿಪ್ತ ನಿಘಂಟನ್ನಾದರೂ ತೆರೆದು ಅಭ್ಯಾಸವಿಲ್ಲದಿದ್ದರೆ ಅಷ್ಟು ವಿದ್ವಾಂಸರ ದಶಕಗಳ ದುಡಿಮೆ ಮಕ್ಕಳನ್ನು ಮುಟ್ಟಿಲ್ಲ ಎಂದೇ ಅರ್ಥ.

ಆರು, ಏಳನೇ ತರಗತಿಯಲ್ಲಿ ಪುಸ್ತಕದ ಒಳರಚನೆ. ಪರಿವಿಡಿ ಏನು ಹೇಳುತ್ತದೆ, ಕೊನೆಯ ಪದಸೂಚಿ ಏನು ಹೇಳುತ್ತದೆ, ಇಡೀ ಪುಸ್ತಕ ಓದದೆ ಬೇಕಾದ ಪುಟಕ್ಕೆ ಹೋಗುವುದು ಹೇಗೆ. ಇಲ್ಲಿ ನಮ್ಮ ಪ್ರಕಾಶಕರಿಗೂ ಒಂದು ಮಾತು ಹೇಳಬೇಕು. ಮಕ್ಕಳಿಗಾಗಿ ಬರುವ ಹೆಚ್ಚಿನ ಕನ್ನಡ ಮಾಹಿತಿ ಪುಸ್ತಕಗಳಲ್ಲಿ ಪದಸೂಚಿಯೇ ಇರುವುದಿಲ್ಲ. ಎರಡು ಪುಟದ ಪದಸೂಚಿ ಸೇರಿಸಿದರೆ ಆ ಪುಸ್ತಕ ಓದುವ ಪುಸ್ತಕವಾಗಿರುವುದರ ಜೊತೆಗೆ ಹುಡುಕುವ ಪುಸ್ತಕವೂ ಆಗುತ್ತದೆ.

ಮುದ್ರಣದ ವರ್ಷವನ್ನು ನೋಡುವ ಅಭ್ಯಾಸವೂ ಈ ವಯಸ್ಸಿನಲ್ಲೇ ಬರಬೇಕು. ಕರ್ನಾಟಕದಲ್ಲಿ ಎಷ್ಟು ಜಿಲ್ಲೆಗಳಿವೆ ಎಂಬ ಸರಳ ಪ್ರಶ್ನೆ ಕೊಟ್ಟು, ಬೀರುವಿನ ಬೇರೆ ಬೇರೆ ಪುಸ್ತಕಗಳಲ್ಲಿ ಉತ್ತರ ಹುಡುಕಿಸಿ. ಒಂದರಲ್ಲಿ 27, ಇನ್ನೊಂದರಲ್ಲಿ 29, ಮತ್ತೊಂದರಲ್ಲಿ 30, ಹೊಸದರಲ್ಲಿ 31 ಸಿಗುತ್ತದೆ. ಯಾವ ಪುಸ್ತಕವೂ ಸುಳ್ಳು ಹೇಳಿಲ್ಲ. ರಾಮನಗರ, ಚಿಕ್ಕಬಳ್ಳಾಪುರ 2007ರಲ್ಲಿ ಜಿಲ್ಲೆಗಳಾದವು, ಆಮೇಲೆ ಯಾದಗಿರಿ, 2021ರಲ್ಲಿ ವಿಜಯನಗರ. 2006ಕ್ಕಿಂತ ಹಳೆಯ ವಿಜ್ಞಾನ ಪುಸ್ತಕದಲ್ಲಿ ಪ್ಲೂಟೊ ಒಂಬತ್ತನೇ ಗ್ರಹ. ಆ ವರ್ಷ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಅದನ್ನು ಕುಬ್ಜ ಗ್ರಹವೆಂದು ಬೇರೆ ಮಾಡಿತು. ಮಾಹಿತಿಗೆ ವಯಸ್ಸಿದೆ, ಆದ್ದರಿಂದ ಪುಸ್ತಕದ ವಯಸ್ಸನ್ನು ನೋಡಬೇಕು ಎಂಬುದನ್ನು ಮಗು ಇಂಥ ಒಂದು ಪೀರಿಯಡ್ಡಿನಲ್ಲಿ ಕಲಿತುಬಿಡುತ್ತದೆ.

ಇನ್ನೂ ಸ್ವಲ್ಪ ದೊಡ್ಡ ಮಕ್ಕಳಿಗೆ ಎರಡು ಆಕರಗಳು ಬೇರೆ ಬೇರೆ ಹೇಳಿದಾಗ ಏನು ಮಾಡಬೇಕು ಎಂದು ಕಲಿಸಬೇಕು. ಚಂದ್ರಶೇಖರ ಕಂಬಾರರಿಗೆ ಜ್ಞಾನಪೀಠ ಬಂದದ್ದು ಯಾವ ವರ್ಷ? ಒಂದು ಕಡೆ 2010 ಎಂದಿದೆ, ಇನ್ನೊಂದು ಕಡೆ 2011 ಎಂದಿದೆ. 2010ನೇ ಸಾಲಿನ ಪ್ರಶಸ್ತಿ ಪ್ರಕಟವಾದದ್ದು 2011ರಲ್ಲಿ. ವ್ಯತ್ಯಾಸ ಕಂಡಾಗ ಒಂದನ್ನು ಸುಮ್ಮನೆ ಆರಿಸಿಕೊಳ್ಳದೆ, ವ್ಯತ್ಯಾಸ ಏಕೆ ಬಂತು ಎಂದು ಹುಡುಕುವ ಮಗು ನಿಜವಾದ ವಿದ್ಯಾರ್ಥಿಯಾಗುತ್ತದೆ.

ಪುಸ್ತಕದ ಆಚೆಗೂ ಆಕರಗಳಿವೆ. ಕೆರೆಯ ತೂಬು ತೆಗೆಯುವ ನೀರುಗಂಟಿ, ಹೆರಿಗೆ ಮಾಡಿಸುತ್ತಿದ್ದ ಸೂಲಗಿತ್ತಿ, ಸೋಬಾನೆ ಪದ ಬಲ್ಲ ಅಜ್ಜಿ, ಇವರ ಬಳಿ ಇರುವ ತಿಳಿವಳಿಕೆ ಯಾವ ವಿಶ್ವಕೋಶದಲ್ಲೂ ಪೂರ್ತಿಯಾಗಿ ಸಿಗುವುದಿಲ್ಲ. ಅವರನ್ನು ಮಾತಾಡಿಸಿ, ಅವರ ಹೆಸರು, ಊರು, ಮಾತಾಡಿಸಿದ ದಿನಾಂಕ ಬರೆದುಕೊಳ್ಳುವುದೂ ಮಾಹಿತಿ ಸಾಕ್ಷರತೆಯೇ. ಹಳ್ಳಿಯ ಶಾಲೆಗೆ ಪುಸ್ತಕ ಕಡಿಮೆ ಇರಬಹುದು, ಇಂಥ ಹಿರಿಯರಿಗೆ ಕೊರತೆಯಿಲ್ಲ.

ಫೋನ್ ಹಿಡಿದ ಮಗು

ಪುಸ್ತಕಕ್ಕೆ ಲೇಖಕ, ಸಂಪಾದಕ, ಪ್ರಕಾಶಕ ಎಂಬ ಮೂರು ಜರಡಿಗಳಿವೆ. ಫೋನಿನ ಪರದೆಯ ಮೇಲೆ ಬರುವುದಕ್ಕೆ ಬಹುಮಟ್ಟಿಗೆ ಯಾವ ಜರಡಿಯೂ ಇಲ್ಲ. ಅಲ್ಲಿ ಜರಡಿ ಹಿಡಿಯುವ ಕೆಲಸ ಓದುಗನದೇ, ಅಂದರೆ ಮಗುವಿನದೇ.

ಈ ಕೆಲಸ ವಿದ್ಯಾವಂತರಿಗೂ ಸುಲಭವಲ್ಲ ಎಂಬುದಕ್ಕೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನ ಸಾಕ್ಷಿ. ಹತ್ತು ಮಂದಿ ಇತಿಹಾಸದ ವಿದ್ವಾಂಸರು, ಹತ್ತು ಮಂದಿ ವೃತ್ತಿಪರ ಸತ್ಯಶೋಧಕರು, ಅದೇ ವಿಶ್ವವಿದ್ಯಾಲಯದ 25 ವಿದ್ಯಾರ್ಥಿಗಳಿಗೆ ಕೆಲವು ಜಾಲತಾಣಗಳನ್ನು ತೋರಿಸಿ, ನಂಬಬಹುದೇ ಎಂದು ಕೇಳಿದರು. ವಿದ್ವಾಂಸರೂ ವಿದ್ಯಾರ್ಥಿಗಳೂ ಬಹುಪಾಲು ಅದೇ ಪುಟದಲ್ಲಿ ಕುಳಿತು ಮೇಲಿಂದ ಕೆಳಗೆ ಓದಿದರು. ಅಚ್ಚುಕಟ್ಟಾದ ವಿನ್ಯಾಸ, ಗಂಭೀರವಾದ ಹೆಸರು, ಲಾಂಛನ ನೋಡಿ ಹಲವರು ಮೋಸಹೋದರು. ಸತ್ಯಶೋಧಕರು ಆ ಪುಟವನ್ನು ಬೇಗನೆ ಬಿಟ್ಟು ಬೇರೆ ಬೇರೆ ಪುಟಗಳನ್ನು ತೆರೆದು, ಈ ಸಂಸ್ಥೆಯ ಬಗ್ಗೆ ಹೊರಗಿನವರು ಏನು ಹೇಳುತ್ತಾರೆ ಎಂದು ನೋಡಿದರು. ಅವರು ಓದಿದ್ದು ಕಡಿಮೆ, ತಲುಪಿದ ತೀರ್ಮಾನ ಹೆಚ್ಚು ಸರಿಯಾದದ್ದು. ಹೆಣ್ಣು ಗಂಡು ನೋಡುವಾಗ ಆ ಮನೆಯವರ ಮಾತನ್ನಷ್ಟೇ ಕೇಳದೆ ಊರಿನ ನಾಲ್ಕು ಮಂದಿಯಲ್ಲಿ ವಿಚಾರಿಸುವ ನಮ್ಮ ಹಿರಿಯರ ಕ್ರಮವೇ ಇದು. ಪುಟ ತನ್ನ ಬಗ್ಗೆ ಏನು ಹೇಳಿಕೊಂಡಿದೆ ಎಂಬುದನ್ನು ಬಿಟ್ಟು, ಬೇರೆಯವರು ಅದರ ಬಗ್ಗೆ ಏನು ಹೇಳುತ್ತಾರೆ ಎಂದು ನೋಡುವುದನ್ನು ಎಂಟನೇ ತರಗತಿಯ ಮಗುವಿಗೆ ಕಲಿಸಬಹುದು.

ಇದನ್ನು ಕಲಿಸದಿದ್ದರೆ ಆಗುವ ನಷ್ಟ ಪ್ರಾಜೆಕ್ಟಿನ ತಪ್ಪಿಗೆ ಮುಗಿಯುವುದಿಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ವದಂತಿ ದೇಶದ ಉದ್ದಗಲಕ್ಕೂ ಹರಡಿತು. ಆಗ ಹಂಚಿಕೆಯಾದ ವಿಡಿಯೊಗಳಲ್ಲಿ ಒಂದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ನಟಿಸಿ ತೆಗೆದದ್ದು. ಮಗುವನ್ನು ಮರಳಿ ಬಿಟ್ಟು ಎಚ್ಚರಿಕೆಯ ಫಲಕ ತೋರಿಸುವ ಕೊನೆಯ ಭಾಗವನ್ನು ಕತ್ತರಿಸಿ ಹಂಚಲಾಗಿತ್ತು. ಆ ವರ್ಷ ಬೆಂಗಳೂರಿನಲ್ಲಿ ಒಬ್ಬರು, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಒಬ್ಬರು ಇಂಥ ವದಂತಿಗೆ ಉದ್ರಿಕ್ತವಾದ ಗುಂಪಿನ ಕೈಯಲ್ಲಿ ಪ್ರಾಣ ಕಳೆದುಕೊಂಡರು. ಈ ವಿಡಿಯೊ ಎಲ್ಲಿಯದು, ಯಾವಾಗಿನದು, ಪೂರ್ತಿಯಾಗಿದೆಯೇ ಎಂಬ ಮೂರು ಪ್ರಶ್ನೆಗಳನ್ನು ಯಾರಾದರೂ ಎತ್ತಿ, ಉತ್ತರ ಹುಡುಕಿ, ಉಳಿದವರಿಗೆ ಹೇಳಿದ್ದರೆ ಆ ವದಂತಿಯ ಬಲ ಕುಗ್ಗುತ್ತಿತ್ತು.

ಪಕ್ಕದ ಕೇರಳದ ಕಣ್ಣೂರು ಜಿಲ್ಲೆ ಅದೇ 2018ರಲ್ಲಿ ಒಂದು ದಾರಿ ತೋರಿಸಿತು. ದಡಾರ ಮತ್ತು ರುಬೆಲ್ಲಾ ಲಸಿಕೆಯ ವಿರುದ್ಧ ಹಬ್ಬಿದ ಸುಳ್ಳು ಸಂದೇಶಗಳಿಂದ ತಂದೆತಾಯಿಯರು ಹಿಂಜರಿದದ್ದನ್ನು ಕಂಡಿದ್ದ ಜಿಲ್ಲಾಡಳಿತ, ‘ಸತ್ಯಮೇವ ಜಯತೇ’ ಎಂಬ ಹೆಸರಿನಲ್ಲಿ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿ ಗುರುತಿಸುವ ತರಗತಿಗಳನ್ನು ನಡೆಸಿತು. ಮೊದಲು ಶಿಕ್ಷಕರಿಗೆ ತರಬೇತಿ, ಆಮೇಲೆ ಮಕ್ಕಳಿಗೆ ಪಾಠ. ದೊಡ್ಡ ಖರ್ಚಿಲ್ಲದೆ ಒಂದು ಜಿಲ್ಲೆ ಮಾಡಿದ ಕೆಲಸ ಇದು. ಅಮೆರಿಕದ ನ್ಯೂಜೆರ್ಸಿ ರಾಜ್ಯ 2023ರ ಜನವರಿಯಲ್ಲಿ ಶಿಶುವಿಹಾರದಿಂದ ಹನ್ನೆರಡನೇ ತರಗತಿಯವರೆಗೆ ಮಾಹಿತಿ ಸಾಕ್ಷರತೆಯನ್ನು ಕಲಿಸಲೇಬೇಕು ಎಂದು ಕಾನೂನು ಮಾಡಿತು. ಕರ್ನಾಟಕದ ಮಕ್ಕಳಿಗೆ ಇದರ ಅಗತ್ಯ ಅಲ್ಲಿನ ಮಕ್ಕಳಿಗಿಂತ ಕಡಿಮೆಯಿಲ್ಲ.

ಈಗ ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳೂ ಬಂದಿವೆ. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ನಾಲ್ಕು ಪುಟ ಬರೆದುಕೊಡುತ್ತವೆ. ಜೆರಾಕ್ಸ್ ಅಂಗಡಿಗೂ ಹೋಗಬೇಕಾಗಿಲ್ಲ. ಆದರೆ ಅವು ಇಲ್ಲದ ಪುಸ್ತಕದ ಹೆಸರನ್ನು, ನಡೆಯದ ಘಟನೆಯನ್ನು ಅಷ್ಟೇ ವಿಶ್ವಾಸದಿಂದ ಹೇಳಬಲ್ಲವು. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು ಚಾಟ್‌ಜಿಪಿಟಿ ಕೊಟ್ಟ ತೀರ್ಪುಗಳನ್ನು ಪರಿಶೀಲಿಸದೆ ನ್ಯಾಯಾಲಯಕ್ಕೆ ಸಲ್ಲಿಸಿದರು. ಆ ತೀರ್ಪುಗಳೇ ಅಸ್ತಿತ್ವದಲ್ಲಿರಲಿಲ್ಲ. ನ್ಯಾಯಾಧೀಶರು 5,000 ಡಾಲರ್ ದಂಡ ಹಾಕಿದರು. ಕಾನೂನು ಓದಿದವರಿಗೇ ಹೀಗಾದರೆ ಹದಿಮೂರರ ಮಗುವಿನ ಗತಿ ಏನು? ಯಂತ್ರವನ್ನು ನಿಷೇಧಿಸುವುದರಿಂದ ಪ್ರಯೋಜನವಿಲ್ಲ. ಯಂತ್ರ ಹೇಳಿದ ಪ್ರತಿ ಹೆಸರು, ಪ್ರತಿ ಇಸವಿಯನ್ನು ಇನ್ನೊಂದು ಕಡೆ ನೋಡಿ ಖಚಿತ ಮಾಡಿಕೊಳ್ಳುವ ಅಭ್ಯಾಸ ಮಾಡಿಸಬೇಕು. ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆಯ ‘ಭಾರತವಾಣಿ’ಯಲ್ಲಿ ನಿಘಂಟುಗಳಿವೆ, ರಾಜ್ಯದ ‘ಕಣಜ’ದಲ್ಲಿ ಲೇಖನಗಳಿವೆ, ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶವಿದೆ, 2003ರಿಂದ ಕನ್ನಡ ವಿಕಿಪೀಡಿಯವಿದೆ. ಇವುಗಳ ಹೆಸರನ್ನಾದರೂ ಶಾಲೆ ಮಕ್ಕಳಿಗೆ ಹೇಳಿಕೊಡಬೇಕು.

ಅಂಕ ಎಲ್ಲಿಗೆ, ಕಲಿಕೆ ಅಲ್ಲಿಗೆ

ಶಿಕ್ಷಕರು ಕೇಳುವ ಪ್ರಶ್ನೆ ನ್ಯಾಯವಾದದ್ದು: ಸಿಲಬಸ್ ಮುಗಿಸಲೇ ಸಮಯವಿಲ್ಲ, ಇದಕ್ಕೆ ಎಲ್ಲಿಂದ ತರುವುದು? ಇದನ್ನು ಬೇರೆ ಪಾಠವಾಗಿ ಮಾಡಬೇಕಾಗಿಲ್ಲ ಎಂಬುದೇ ಉತ್ತರ. ರೂಪಣಾತ್ಮಕ ಮೌಲ್ಯಮಾಪನಕ್ಕಾಗಿ ಪ್ರಾಜೆಕ್ಟ್ ಕೊಡುವುದು ಹೇಗೂ ಇದೆ. ಆ ಪ್ರಾಜೆಕ್ಟಿನ ಹತ್ತು ಅಂಕಗಳಲ್ಲಿ ಐದನ್ನು ಹುಡುಕಿದ ದಾರಿಗೆ ಇಡಿ. ಫೈಲಿನ ಕೊನೆಯ ಪುಟದಲ್ಲಿ ಮಗು ತನ್ನ ಕೈಯಾರೆ ನಾಲ್ಕು ಸಂಗತಿ ಬರೆಯಲಿ. ನನ್ನ ಪ್ರಶ್ನೆ ಏನಾಗಿತ್ತು? ಎಲ್ಲೆಲ್ಲಿ ಹುಡುಕಿದೆ, ಯಾವ ಪುಸ್ತಕದ ಯಾವ ಪುಟ, ಯಾವ ವ್ಯಕ್ತಿ, ಯಾವ ಜಾಲತಾಣ? ಎರಡು ಕಡೆ ಬೇರೆ ಬೇರೆ ಉತ್ತರ ಸಿಕ್ಕಿತೇ, ಸಿಕ್ಕಿದ್ದರೆ ಯಾವುದನ್ನು ಒಪ್ಪಿದೆ, ಏಕೆ? ಇನ್ನೂ ಉತ್ತರ ಸಿಗದೆ ಉಳಿದ ಪ್ರಶ್ನೆ ಯಾವುದು? ಈ ಪುಟವನ್ನು ಜೆರಾಕ್ಸ್ ಅಂಗಡಿ ಬರೆದುಕೊಡಲಾರದು. ಯಂತ್ರ ಬರೆದುಕೊಟ್ಟರೂ ಶಿಕ್ಷಕರು ಎರಡು ನಿಮಿಷ ಎದುರು ನಿಲ್ಲಿಸಿ ಕೇಳಿದರೆ ನಿಜ ತಿಳಿಯುತ್ತದೆ.

ವಿಷಯವೂ ಹಾಗೆಯೇ ಬದಲಾಗಬೇಕು. ‘ಜಲಮಾಲಿನ್ಯ’ ಎಂದು ಕೊಟ್ಟರೆ ಸಿದ್ಧ ಉತ್ತರ ಎಲ್ಲೆಡೆ ಸಿಗುತ್ತದೆ. ‘ನಮ್ಮೂರ ಕೆರೆಯ ನೀರನ್ನು ಅಜ್ಜಿಯ ಕಾಲದಲ್ಲಿ ಯಾವುದಕ್ಕೆ ಬಳಸುತ್ತಿದ್ದರು, ಈಗ ಯಾವುದಕ್ಕೆ’ ಎಂದು ಕೊಟ್ಟರೆ ಮಗು ಅಜ್ಜಿಯನ್ನು ಕೇಳಬೇಕು, ಪಂಚಾಯಿತಿಗೆ ಹೋಗಬೇಕು, ಪುಸ್ತಕವನ್ನೂ ನೋಡಬೇಕು. ಪ್ರಶ್ನೆ ಊರಿನದಾದಷ್ಟೂ ನಕಲು ಕಷ್ಟ, ಕಲಿಕೆ ಗಟ್ಟಿ.

ಇದಕ್ಕೆ ಮೂರು ಕಡೆಯಿಂದ ನೆರವು ಬೇಕು. ಶಿಕ್ಷಣ ಇಲಾಖೆ ಪ್ರಾಜೆಕ್ಟಿನ ಅಂಕ ವಿಭಜನೆಯಲ್ಲಿ ಆಕರಗಳಿಗೆ ಅಂಕ ಸೇರಿಸಿ ಸುತ್ತೋಲೆ ಹೊರಡಿಸಲಿ, ಡಿ.ಇಡಿ. ಮತ್ತು ಬಿ.ಇಡಿ. ತರಬೇತಿಯಲ್ಲಿ ಗ್ರಂಥಾಲಯ ಬಳಕೆಯನ್ನು ಅಭ್ಯಾಸದ ಭಾಗವಾಗಿಸಲಿ. ಪಂಚಾಯಿತಿಗಳು ಅರಿವು ಕೇಂದ್ರ ಮತ್ತು ಶಾಲೆಯನ್ನು ಜೋಡಿಸಲಿ. ವಾರಕ್ಕೊಂದು ತರಗತಿ ಅಲ್ಲಿಗೆ ನಡೆದುಹೋಗಲಿ, ಮೇಲ್ವಿಚಾರಕರು ಮಕ್ಕಳಿಗೆ ಕಪಾಟು ತೋರಿಸಲಿ. ಮನೆಯಲ್ಲಿ ತಂದೆತಾಯಿಯರು ಮಗುವಿನ ಪ್ರಾಜೆಕ್ಟನ್ನು ತಾವು ಮುಗಿಸಿಕೊಡುವುದನ್ನು ಬಿಡಲಿ. ಮಗು ತಾನೇ ಬರೆದ ಅಂಕುಡೊಂಕಿನ ಒಂದು ಪುಟ, ಅಂಗಡಿಯಿಂದ ತಂದ ಹತ್ತು ಬಣ್ಣದ ಪುಟಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು ಎಂದು ಶಾಲೆಯೂ ಮನೆಯೂ ಒಪ್ಪಿಕೊಳ್ಳಬೇಕು.

ಶಿಕ್ಷಕ ಮಿತ್ರರಲ್ಲಿ ಒಂದು ವಿನಂತಿ. ಸುತ್ತೋಲೆ ಬರುವವರೆಗೆ ಕಾಯಬೇಡಿ. ನೀವು ಕೊಡುವ ಮುಂದಿನ ಪ್ರಾಜೆಕ್ಟಿನಲ್ಲೇ ‘ಎಲ್ಲಿಂದ ತಿಳಿದೆ’ ಎಂಬ ಒಂದು ಪುಟ ಸೇರಿಸಿ, ಅದಕ್ಕೆ ಅಂಕ ಕೊಡಿ, ಬೀರುವಿನ ಬೀಗದ ಕೈಯನ್ನು ಏಳನೇ ತರಗತಿಯ ಇಬ್ಬರು ಮಕ್ಕಳ ಜವಾಬ್ದಾರಿಗೆ ಒಪ್ಪಿಸಿ. ಪರೀಕ್ಷೆಗೆ ಕಲಿತ ಉತ್ತರಗಳಲ್ಲಿ ಬಹುಪಾಲನ್ನು ಮಕ್ಕಳು ಮರೆಯುತ್ತಾರೆ, ಕೆಲವು ಉತ್ತರಗಳು ಕಾಲ ಕಳೆದಂತೆ ತಪ್ಪೂ ಆಗುತ್ತವೆ. ಹುಡುಕಲು ಮತ್ತು ಪರೀಕ್ಷಿಸಲು ಕಲಿತ ಮಗು ಮಾತ್ರ ಮುಂದೆ ಮತದಾರನಾಗಿ, ರೋಗಿಯಾಗಿ, ರೈತನಾಗಿ, ತಾಯಿಯಾಗಿ ತನ್ನ ತೀರ್ಮಾನವನ್ನು ತಾನೇ ತೆಗೆದುಕೊಳ್ಳಬಲ್ಲದು. ಆ ಶಕ್ತಿಯನ್ನು ಕೊಡುವುದು ಶಾಲೆಯ ಕರ್ತವ್ಯ.